ಕೊಕ್ಕರೆಯ ಕತ್ತು

ಫೆಬ್ರವರಿ 6, ಸಂಜೆ

ಹೊಸ ಕುರ್ಚಿಯ ತೂಗುವ ಕಾಲಿನ ಬಾಗು ಇವತ್ತೂ ಸರಿಹೋಗಲಿಲ್ಲ. ರಟ್ಟಿನಲ್ಲಿ ಕತ್ತರಿಸಿ ಮೇಜಿನ ಮೇಲೆ ತೂಗಿ ನೋಡಿದೆ. ಹಿಂದಕ್ಕೆ ಹೋದದ್ದು ಮುಂದಕ್ಕೆ ಬರಲು ಸೋಮಾರಿತನ ಮಾಡುತ್ತೆ. ಕುರ್ಚಿ ಶಾಪಿನ ಓನರ್ ಸಾರ್ ಹಿಂದೆ ಬಂದು ನಿಂತರು. "ಕೂತವರು ತೂಗಬೇಕಮ್ಮಾ, ಮುಗ್ಗರಿಸಬಾರದು." ಗೊತ್ತು ಸಾರ್. ಅದಕ್ಕೇ ಬೆಳಿಗ್ಗೆಯಿಂದ ರಟ್ಟಿನ ಜೊತೆ ಗುದ್ದಾಡುತ್ತಿರೋದು.

ಮನೆಯಲ್ಲಿ ತಂಗಿಯದೇ ದರ್ಬಾರು. ದಿನ ತುಂಬುತ್ತಾ ಬಂತು, ಹೆರಿಗೆ ಆಗುವ ತನಕ ನನ್ನ ಹತ್ತಿರವೇ. ಜೊತೆಗೆ ಅಮ್ಮ. ಕುರ್ಚಿಗಾಗಿ ಇಬ್ಬರಿಗೂ ದಿನಾ ಜಗಳ. ಹೆರಿಗೆ ಆಸ್ಪತ್ರೆಗೆ ಅಂತ ಮಾಡಿದ ಲಾಟಿನಲ್ಲಿ ಬಟ್ಟೆಗೆ ಕಲೆಯಾಗಿ ಉಳಿದ ಕುರ್ಚಿ ಅದು. ನಾನೇ ಕೇಳಿ ತಂದೆ. ತೂಗುತ್ತೆ, ಹಿಂದಕ್ಕೂ ಒರಗುತ್ತೆ. ಬಾಣಂತಿಯರು ಕೂತು ಹಾಲು ಕುಡಿಸಲಿ ಅಂತ ಅಲ್ಲಿ ರೂಮಿಗೊಂದು ಇಟ್ಟಿದ್ದಾರೆ. ತಂಗಿ ಸೇರುವುದೂ ಅಲ್ಲೇ. ನಾನು ಡಿಸೈನ್ ಮಾಡಿದ ಕುರ್ಚಿಯಲ್ಲಿ ಅವಳು ಮಗುವನ್ನ ಎತ್ತಿಕೊಂಡು ಕೂರುತ್ತಾಳೆ ಅಂದುಕೊಂಡರೆ ಒಳಗೊಳಗೇ ಉಬ್ಬಿ ಹೋಗುತ್ತೇನೆ. ಯಾರಿಗೂ ಹೇಳಿಲ್ಲ.

ಅಮ್ಮ ಒರಗಿದಾಗ ಟಿಕ್ ಅಂತು.

"ಏನಮ್ಮಾ ಅದು?"

"ನನ್ನ ಮಂಡಿ ಕಣೇ. ಅದಕ್ಕೂ ಎಣ್ಣೆ ಹಾಕೋ ಕಾಲ ಬಂತು."

ನಕ್ಕೆವು.

ಫೆಬ್ರವರಿ 8

ಮತ್ತೆ ಟಿಕ್. ಈ ಸಲ ಕೂತಿದ್ದವಳು ತಂಗಿ. ಅವಳ ಮಂಡಿಗೇನು ವಯಸ್ಸು?

ಬೋಲ್ಟ್ ಇರಬೇಕು. ಇಲ್ಲಾ ಸ್ಪ್ರಿಂಗ್. ಇಲ್ಲಾ ಸ್ಟೇಪಲ್ ಪಿನ್ ಸಡಿಲ. ಕೈಗೆ ಸಿಕ್ಕ ಬೋಲ್ಟ್‌ಗಳನ್ನೆಲ್ಲ ಬಿಗಿ ಮಾಡಿದೆ. ತಂಗಿಗೆ ತಮಾಷೆ. "ಅಕ್ಕಾ, ನೀನು ಡಿಸೈನರ್ರೋ ಮೆಕ್ಯಾನಿಕ್ಕೋ?"

ಕೊಕ್ಕರೆಯ ಯೋಚನೆ ಬೇಡ ಅಂದರೂ ಬರುತ್ತೆ. ಕುರ್ಚಿಯ ಎರಡೂ ಪಕ್ಕದ ಹಲಗೆಯಲ್ಲಿ ಮೇಲಕ್ಕೆ ಸಣ್ಣಗಾಗುತ್ತಾ ಹೋಗುವ ಭಾಗ. ಉದ್ದ ಕತ್ತು, ಅದಕ್ಕೇ ಶಾಪಿನಲ್ಲಿ ಎಲ್ಲರೂ ಕೊಕ್ಕರೆ ಅಂತಾರೆ. ಒರಗುವ ಕಬ್ಬಿಣದ ತೋಳುಗಳನ್ನು ಬಿಗಿಯುವುದು ಅಲ್ಲೇ. ಕೂತವರ ಇಡೀ ಭಾರ ಆ ಕತ್ತಿನ ಮೇಲೆ. ಚೆಂದ ಕಾಣಲಿ ಅಂತ ಸಣ್ಣ ಮಾಡಿದ್ದು ನಾನೇ. ಟೆಸ್ಟ್‌ನಲ್ಲಿ ಪಾಸಾಗಿದೆ, ಸುಮ್ಮನೆ ತಲೆ ಕೆಡಿಸಿಕೊಳ್ಳಬಾರದು.

ಫೆಬ್ರವರಿ 9, ಮಧ್ಯಾಹ್ನ

ಅಮ್ಮನೂ ತಂಗಿಯೂ ವಾಕಿಂಗ್ ಹೋದರು. ಕುರ್ಚಿ ಮಗುಚಿದೆ. ಅಡಿಯ ಕಪ್ಪು ಬಟ್ಟೆ ಬಿಚ್ಚಿ, ಟಾರ್ಚ್ ಹಾಕಿ ನೋಡಿದೆ.

ಟಾರ್ಚನ್ನು ಇನ್ನೂ ಹತ್ತಿರ ಹಿಡಿದೆ.

ನಮ್ಮದು ಮಾಮೂಲಿ ಪ್ಲೈವುಡ್ ಅಲ್ಲ. ಕುರ್ಚಿಯ ಫ್ರೇಮಿಗೆ ಅಂತಲೇ ಬರುವ ಶೀಟು. ಮುಕ್ಕಾಲು ಪದರಗಳ ನಾರು ಒಂದೇ ದಿಕ್ಕಿಗೆ ಓಡುತ್ತೆ. ಆ ನಾರು ಕತ್ತಿನ ಉದ್ದಕ್ಕೆ ಬಿದ್ದರೆ ಆನೆ ಕೂತರೂ ತಡೆಯುತ್ತೆ. ಇದರಲ್ಲಿ ಅಡ್ಡಕ್ಕೆ ಓಡಿದೆ. ಕತ್ತಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಉಗುರು ಆಡಿಸಿದೆ. ಉಗುರಿಗೆ ಸಿಕ್ಕಿತು.

ಬಟ್ಟೆ ಮತ್ತೆ ಹೊಡೆದು ಕುರ್ಚಿ ನಿಲ್ಲಿಸಿ, ಮೇಲೆ ಒಗೆದ ಬಟ್ಟೆಯ ರಾಶಿ ಹಾಕಿದೆ, ಯಾರೂ ಕೂರದ ಹಾಗೆ. ಅಮ್ಮ ಬಂದವಳೇ, "ಯಾಕೇ, ಮುಖ ಹೀಗೆ ಬಿಳುಚಿಕೊಂಡಿದೆ?" ಅಂದಳು.

"ಹಸಿವು" ಅಂದೆ. ಪಾಪ, ಊಟಕ್ಕೆ ಬಡಿಸಿಬಿಟ್ಟಳು. ಒಂದು ತುತ್ತೂ ಇಳಿಯಲಿಲ್ಲ.

ಇದೊಂದೇ ಹೀಗಿರಬಹುದು. ಇದೊಂದೇ ಇರಲಿ.

ಫೆಬ್ರವರಿ 10, ಬೆಳಿಗ್ಗೆ

ಇದೊಂದೇ ಅಲ್ಲ.

ಶಾಪಿನ ಹಿಂದೆ ಆ ಲಾಟಿನ ತುಂಡುಗಳು ಇನ್ನೂ ಬಿದ್ದಿದ್ದವು. ಒಂದು ಪಟ್ಟಿ ಎತ್ತಿಕೊಂಡು ಮಂಡಿಗೆ ಒತ್ತಿದೆ. ಬಿಸ್ಕತ್ತಿನ ಹಾಗೆ ಮುರಿಯಿತು. ಇನ್ನೊಂದು. ಅದೂ.

ಕಟಿಂಗ್ ಮಿಷನ್ ನಡೆಸುವ ಅಣ್ಣನನ್ನು ಕೇಳಿದೆ. ಅವನು ಮಿಷನ್ ನಿಲ್ಲಿಸಲೂ ಇಲ್ಲ. "ಶೀಟು ಯಾವಾಗ್ಲೂ ಉದ್ದಕ್ಕೇ ಹಾಕೋದು. ಈಗ್ಲೂ ಹಾಗೇ ಹಾಕಿದೀನಿ. ನಾರು ಯಾವ ಕಡೆಗಿದೆ ಅಂತ ಶೀಟನ್ನ ಕೇಳ್ಲಾ ನಾನು?"

"ಶೀಟಲ್ಲೇ ತಪ್ಪು ಬಂದಿದೆಯಾ ಹಾಗಾದ್ರೆ?"

"ನೀವು ಏನು ಹೇಳಿದ್ರೋ ಅದು ಬಂದಿದೆ. ನಾಲ್ಕು-ಎಂಟು."

ನಾಲ್ಕು-ಎಂಟು.

ನಾಲ್ಕಡಿ ಅಗಲ, ಎಂಟಡಿ ಉದ್ದದ ಶೀಟಿಗೆ ಇಲ್ಲಿ ಎಲ್ಲರೂ ಬಾಯಿಗೆ ಬಂದ ಹಾಗೆ ನಾಲ್ಕು-ಎಂಟು ಅಂತಾರೆ. ಹಳೇ ಅಂಗಡಿಯವರು ಅದನ್ನು ಕೇಳಿ ಎಂಟಡಿಯ ಉದ್ದಕ್ಕೆ ನಾರಿರುವ ಶೀಟು ಕಳಿಸುತ್ತಿದ್ದರು. ಈ ಸಲದವರು ಹೊಸಬರು. ಅವರಲ್ಲಿ ಮೊದಲು ಹೇಳಿದ ಅಳತೆಯೇ ನಾರಿನ ದಿಕ್ಕು. ನಾಲ್ಕು-ಎಂಟು ಅಂದರೆ ನಾರು ನಾಲ್ಕಡಿಯ ಕಡೆಗೆ. ನಾನು ಕೇಳಬೇಕಾಗಿದ್ದದ್ದು ಎಂಟು-ನಾಲ್ಕು. ಫೋನಿನಲ್ಲಿ ಆರ್ಡರ್ ಹೇಳಿದ್ದು ನಾನು. ಅವರು ಎರಡು ಸಲ ಕೇಳಿದರು, "ನಾಲ್ಕು-ಎಂಟೇ ತಾನೇ ಮೇಡಂ?" ಅಂತ. ಹೂಂ ಅಂದೆ. ಚಹಾ ಆರುತ್ತಿತ್ತು.

ಟೆಸ್ಟ್‌ಗೆ ಹೋದ ಸ್ಯಾಂಪಲ್ ಹಳೇ ಶೀಟಿನದು. ಪಾಸಾಗದೆ ಏನಾಗುತ್ತೆ.

ಅದೇ ದಿನ, ಸಂಜೆ

ಸಾರ್‌ಗೆ ಹೇಳಿದೆ.

"ಯಾವುದಾದ್ರೂ ಮುರಿದಿದೆಯಾ?"

"ಇಲ್ಲ ಸಾರ್. ಬಿರುಕು..."

"ಬಿರುಕು ಬೇರೆ, ಮುರಿಯೋದು ಬೇರೆ."

"ಮುರಿಯೋ ತನಕ ಕಾಯೋದಾ? ಅಲ್ಲಿರೋರು ಬಾಣಂತಿಯರು. ಮಡಿಲಲ್ಲಿ ಮಗು ಇರುತ್ತೆ ಸಾರ್."

ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. "ಒಂದು ಮುರಿದು ತೋರಿಸು, ಆಮೇಲೆ ನೋಡೋಣ. ಅಲ್ಲೀವರೆಗೂ ಊರಿಗೆಲ್ಲ ಡಂಗುರ ಸಾರಬೇಡ."

ತಲೆಯಾಡಿಸಿ ಬಂದೆ. ಬೈದುಕೊಳ್ಳುತ್ತಿದ್ದೇನೆ. ಕೋಪ ಅವರ ಮೇಲಲ್ಲ.

ಫೆಬ್ರವರಿ 13

ತಂಗಿಯ ಚೆಕಪ್ಪಿಗೆ ನಾನೇ ಹೋದೆ. ಅವಳನ್ನು ಡಾಕ್ಟರ್ ಒಳಗೆ ಕರೆದದ್ದೇ ವಾರ್ಡಿನ ಕಡೆ ನಡೆದೆ.

ಮೊದಲನೇ ರೂಮಿನ ಬಾಗಿಲು ತೆಗೆದಿತ್ತು. ಚಿಕ್ಕ ವಯಸ್ಸಿನ ಹೆಂಗಸು. ಕುರ್ಚಿಯಲ್ಲಿ ಪೂರ್ತಿ ಒರಗಿ ಕಣ್ಣು ಮುಚ್ಚಿದ್ದಳು. ಎದೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಗು, ನನ್ನ ಮೊಳಕೈಯಷ್ಟು ಉದ್ದ. ಮೆಲ್ಲಗೆ ತೂಗಿಕೊಳ್ಳುತ್ತಿದ್ದಳು.

"ಕುರ್ಚಿ... ಹೇಗಿದೆ?" ಅಂದೆ. ಮಾಡಿದವಳು ಅಂತ ಪರಿಚಯ ಹೇಳಿದೆ.

"ಅಯ್ಯೋ, ನೀವಾ! ಪುಣ್ಯ ಕಟ್ಟಿಕೊಂಡ್ರಿ. ಇಲ್ಲಿಂದ ಏಳೋಕೇ ಮನಸಾಗಲ್ಲ. ಸ್ವಲ್ಪ ಮಾತಾಡುತ್ತೆ, ಅಷ್ಟೇ."

"ಮಾತಾಡುತ್ತಾ?"

"ಟಿಕ್ ಟಿಕ್ ಅನ್ನುತ್ತೆ. ಇವನಿಗೆ ಆ ಸದ್ದು ಕೇಳಿದ್ರೇನೇ ನಿದ್ದೆ."

ಎದ್ದೇಳಿ ಅನ್ನಬೇಕಿತ್ತು. ಕೂಗಬೇಕಿತ್ತು. "ತುಂಬ ಒರಗಬೇಡಿ, ಬೆನ್ನಿಗೆ ಒಳ್ಳೇದಲ್ಲ" ಅಂದು ಬಂದೆ. ಬೆನ್ನಿಗಂತೆ! ಥೂ.

ತಂಗಿ ಕಾರಿಡಾರಿನಲ್ಲಿ ಕಾಯುತ್ತಿದ್ದಳು. "ಅಕ್ಕಾ, ನಂಗೂ ಇಂಥದೇ ರೂಮು ಬೇಕು. ನಿನ್ನ ಕುರ್ಚಿ ಇರೋದು." ಕೈ ಹಿಡಿದುಕೊಂಡಳು.

ಫೆಬ್ರವರಿ 14

ಮನೆಯ ಕುರ್ಚಿಯನ್ನು ಶಾಪಿಗೆ ಸಾಗಿಸಿದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗೇ ನನ್ನ ಸಿಂಹಾಸನ?"

"ಕಲೆ ತೆಗೆಸಿ ತರ್ತೀನಮ್ಮಾ."

"ಬೇಗ ತಾ. ಅದಿಲ್ಲದೆ ನನ್ನ ಸೊಂಟ ನನ್ನ ಮಾತು ಕೇಳಲ್ಲ."

ನಿಜ ಹೇಳಬಹುದಿತ್ತು. ಇವತ್ತೋ ನಾಳೆಯೋ ಹೆರುವ ಹುಡುಗಿಯ ಮುಂದೆ ಯಾಕೆ ಅಂದುಕೊಂಡೆ. ಅದು ನೆಪ. ನಾಚಿಕೆ ಬಾಯಿಗೆ ಬೀಗ ಹಾಕಿತ್ತು.

ಮರಳಿನ ಚೀಲಗಳನ್ನು ಮನುಷ್ಯರ ಹಾಗೆ ಕೂರಿಸಿ, ಮಡಿಲಿನ ಜಾಗದಲ್ಲಿ ಮಗುವಿನಷ್ಟು ಸಣ್ಣ ಚೀಲ ಇಟ್ಟೆವು. ಹಿಂದಕ್ಕೆ ಒರಗಿಸಿದೆವು. ಏನೂ ಆಗಲಿಲ್ಲ. ಸಾರ್ ನನ್ನ ಮುಖ ನೋಡಿದರು. ಮತ್ತೆ ಮುಂದಕ್ಕೆ ತಂದೆವು, ಕೂತವರು ಏಳುವ ಹಾಗೆ. ಆಗ ಮುರಿಯಿತು. ಎರಡೂ ಕೊಕ್ಕರೆ ಒಟ್ಟಿಗೇ. ಸೀಟು ಧೊಪ್ಪನೆ ಕುಸಿಯಿತು. ಕಬ್ಬಿಣದ ತೋಳುಗಳು ಕತ್ತರಿಯ ಹಾಗೆ ಮುಚ್ಚಿಕೊಂಡವು. ಮಡಿಲಲ್ಲಿದ್ದ ಸಣ್ಣ ಚೀಲ ಅವುಗಳ ನಡುವೆ ಸಿಕ್ಕಿ ಒಡೆದು, ಮರಳು ಸುರಿಯುತ್ತಲೇ ಇತ್ತು.

ಒರಗುವಾಗ ಅಲ್ಲ. ಏಳುವಾಗ.

ಸಾರ್ ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಹಚ್ಚಿದರು. "ಕುರ್ಚಿಗಳೆಲ್ಲ ಸರ್ವೀಸ್‌ಗೆ ಬೇಕು ಸಿಸ್ಟರ್. ಇವತ್ತೇ ತೆಗೆದು ಒಂದು ಕಡೆ ಇಟ್ಟುಬಿಡಿ. ನಾಡಿದ್ದು ವ್ಯಾನ್ ಬರುತ್ತೆ."

ಸರ್ವೀಸ್ ಅಂದರು. ಮುರಿಯುತ್ತೆ ಅನ್ನಲಿಲ್ಲ. ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ. ಹೇಗೂ ತೆಗೆದಿಡುತ್ತಾರಲ್ಲ, ಸಾಕು ಅನಿಸಿತು. ಸಂಜೆ ಸಿಸ್ಟರ್ ಫೋನ್ ಮಾಡಿದರು, ಎಲ್ಲ ಸ್ಟೋರ್ ರೂಮಿಗೆ ಹೋಯಿತಂತೆ. ಶಾಪಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಕಟಿಂಗ್ ಅಣ್ಣ ನೀರು ತಂದುಕೊಟ್ಟ.

ಫೆಬ್ರವರಿ 16, ಬೆಳಿಗ್ಗೆ

ನಿನ್ನೆ ನೋವು ಶುರುವಾಗಿ ತಂಗಿ ಸೇರಿದಳು. ಈಗ ಅಮ್ಮನ ಫೋನ್. ಹೆಣ್ಣು ಮಗು! ಇಬ್ಬರೂ ಚೆನ್ನಾಗಿದ್ದಾರೆ. ಮೂಗು ನನ್ನದೇ ಅಂತೆ, ಪಾಪ ಅದರ ಹಣೆಬರಹ.

ವ್ಯಾನ್ ಹೊರಟಿದೆ. ಹೊಸ ಶೀಟೂ ಬಂತು. ಎಂಟು-ನಾಲ್ಕು. ನಾರು ಕೈಯಿಂದ ಸವರಿ ನೋಡಿದೆ. ಮಧ್ಯಾಹ್ನ ಮಗು ನೋಡಲು ಹೋಗುತ್ತೇನೆ. ವಾರದ ಮೇಲೆ ಇವತ್ತು ಹಸಿವಾಗಿದೆ.

ಅದೇ ದಿನ, ಟ್ಯಾಕ್ಸಿಯಲ್ಲಿ

ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ವ್ಯಾನಿನವನು ಫೋನ್ ಮಾಡಿದ. ಸ್ಟೋರ್ ರೂಮಿನಲ್ಲಿ ಒಂದು ಕುರ್ಚಿ ಕಡಿಮೆ. ಯಾರೋ ಬೇಕು ಅಂದರಂತೆ, ಸಿಸ್ಟರ್ ಕೊಟ್ಟರಂತೆ, ಬರೀ ಸರ್ವೀಸ್ ತಾನೇ ಅಂತ.

ಯಾರು ಅಂತ ಕೇಳಲೇ ಇಲ್ಲ. ಗೊತ್ತಾಯಿತು. ಅಮ್ಮನಿಗೆ ಹಚ್ಚಿದೆ.

"ಹೂಂ ಕಣೇ, ನಾನೇ ತರಿಸಿಕೊಂಡೆ! ನನ್ನ ಮಗಳು ಮಾಡಿದ್ದು ಅಂದೆ, ಸಿಸ್ಟರ್ ಎಷ್ಟು ಖುಷಿಪಟ್ಟರು ಗೊತ್ತಾ. ಮನೇದು ನೀನು ಒಯ್ದುಬಿಟ್ಟೆ, ಇಲ್ಲಾದರೂ ಕೂರೋಣ ಅಂತ. ನಿನ್ನ ತಂಗಿ ನಿದ್ದೆ ಮಾಡ್ತಿದಾಳೆ. ಮಗು ನನ್ನ ಹತ್ತಿರ ಇದೆ."

"ಒರಗಿದ್ದೀಯಾ?"

"ಪೂರ್ತಿ. ಆಹಾ."

ಫೋನಿನಲ್ಲಿ ಕೇಳಿಸಿತು. ಟಿಕ್.

"ನೋಡು, ನನ್ನ ಮಂಡಿ..."

"ಅಮ್ಮಾ, ಅದು ನಿನ್ನ ಮಂಡಿಯಲ್ಲ. ಕುರ್ಚಿ ಮುರೀತಿದೆ. ನಾನು ಮಾಡಿದ ತಪ್ಪು. ಏಳಬೇಡ. ಅಲ್ಲಾಡಬೇಡ. ಮುಂದಕ್ಕೆ ಬಂದರೆ ಮುರಿಯುತ್ತೆ. ಯಾರಾದರೂ ಬಂದು ಮೊದಲು ಮಗುವನ್ನ ತಗೊಳ್ಳಲಿ."

ಅಮ್ಮ ಮೆಲ್ಲಗೆ, "ಇಷ್ಟು ದಿನ ಯಾಕೇ ಹೇಳಲಿಲ್ಲ?" ಅಂದಳು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಟ್ಯಾಕ್ಸಿಯವನ ಫೋನ್ ಇಸಿದುಕೊಂಡು ಸಿಸ್ಟರ್‌ಗೂ ಹೇಳಿದೆ. ಮುರಿಯುತ್ತೆ ಅಂದೆ, ಕೂಗಿಯೇ ಅಂದೆ. ಓಡಿ ಹೋಗುತ್ತಿದ್ದೇನೆ ಅಂದರು.

ನನ್ನ ಫೋನ್ ಕಿವಿಗೇ ಇದೆ. ಕಟ್ ಮಾಡಿಲ್ಲ. ಅಮ್ಮ ಉಸಿರು ಹಿಡಿದಿದ್ದಾಳೆ. ಮಗು ಕುಂಯ್ ಅಂತಿದೆ. ಸಿಗ್ನಲ್ ಕೆಂಪು. ಹೋಗಪ್ಪಾ, ಹೋಗು.

ತಂಗಿಯ ದನಿ. ಎಚ್ಚರವಾಗಿದೆ. "ಯಾಕಮ್ಮಾ ಹಾಗೆ ಕೂತಿದೀಯ?"

ಬಾಗಿಲ ಸದ್ದು. ಚಪ್ಪಲಿ. ಯಾರೋ "ಕೊಡೀಮ್ಮಾ ಮಗೂನ" ಅಂದರು. ಅಮ್ಮ ಕೊಡುತ್ತಾಳೆ. ಕೊಡಲು ಮುಂದಕ್ಕೆ... ಬೇಡ ಅಮ್ಮಾ, ನೀನು ಬಾಗಬೇಡ, ಅವರೇ ಬಗ್ಗಿ ತಗೊಳ್ಳಲಿ, ಅವರೇ