ಒಳಗೊಯ್ಯದ ಹೆಸರು

ಬಮ್ಮಿಗಟ್ಟಿ
೧೨ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ಶಾಂತರಾಜನಿಗೆ,

ನಿನ್ನ ಅಕ್ಕ ಮಾರ್ಥಾಳ ಆಶೀರ್ವಾದ. ಹುಬ್ಬಳ್ಳಿಯಲ್ಲಿ ನೀನು, ಹೆಂಡತಿ, ಮಕ್ಕಳು ಆರಾಮ ಇದ್ದೀರೆಂದು ನಂಬಿದ್ದೇನೆ. ನೀನು ಎಷ್ಟೋ ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ತಪ್ಪು ತಿಳಿಯಬೇಡ. ಬಾಯಿಂದ ಹೇಳಹೋದರೆ ಅಳು ಬರುತ್ತದೆ, ಇಲ್ಲವೇ ಬೈಗುಳ. ಅದಕ್ಕೇ ಈ ಕಾಗದ.

ನಮ್ಮ ಯಜಮಾನರು, ನಿನ್ನ ಮಾಮಾ ಗುಡದಪ್ಪ, ಆ ದಿನ ಬೆಳಿಗ್ಗೆ ದನಕ್ಕೆ ಮೇವು ಹಾಕಿ ಬಂದು, ಎದೆ ಹಿಡಿದಂತಾಗಿದೆ ಎಂದರು. ಕಲಘಟಗಿ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಅವರು ದೀಕ್ಷಾಸ್ನಾನ ಆಗಿ ಸಭೆಗೆ ಸೇರಿದವರಲ್ಲ, ನಿನಗೆ ಗೊತ್ತು. ಮದುವೆಯಾದಾಗಿನಿಂದ ಭಾನುವಾರ ತಪ್ಪದೆ ನನ್ನನ್ನು ಚರ್ಚಿಗೆ ಕರೆದೊಯ್ದು, ತಾವು ಹೊರಗಿನ ಕಟ್ಟೆಯ ಮೇಲೆ ಕೂತು ಪ್ರಸಂಗ ಕೇಳುತ್ತಿದ್ದರು. ಒಳಗೆ ಬನ್ನಿ ಎಂದರೆ, ಅವ್ವ ಇರುವ ತನಕ ಬೇಡ ಅನ್ನುತ್ತಿದ್ದರು. ಅತ್ತೆ ಇನ್ನೂ ಇದ್ದಾರೆ.

ಹೋದ ವರ್ಷ ನೀನು ಹುಬ್ಬಳ್ಳಿಯ ನಿನ್ನ ಸಭೆ ಬಿಟ್ಟು ಒಂದು ಭಾನುವಾರ ಇಲ್ಲಿಗೆ ಬಂದು ಮಹಾಯಾಜಕನ ಪ್ರಸಂಗ ಮಾಡಿದೆಯಲ್ಲ. ಹಿಂದಿನ ಮಹಾಯಾಜಕ ಜನರ ಹೆಸರು ಕೆತ್ತಿದ ಕಲ್ಲುಗಳನ್ನು ಎದೆಯ ಮೇಲೆ ಹೊತ್ತು ದೇವರ ಸನ್ನಿಧಿಗೆ ಹೋಗುತ್ತಿದ್ದ. ಯೇಸು ತನ್ನನ್ನೇ ಬಲಿಕೊಟ್ಟು ನಮ್ಮ ಮಹಾಯಾಜಕನಾದ. ನಮ್ಮ ಕಷ್ಟ ತಾನೂ ಉಂಡವನಾದ್ದರಿಂದ ಇಂದಿಗೂ ನಮಗಾಗಿ ಬೇಡುತ್ತಾನೆ, ನಡುವೆ ಇನ್ನೊಬ್ಬರು ಬೇಕಿಲ್ಲ ಎಂದೆ. ಊಟಕ್ಕೆ ಕೂತಾಗ ಮಾಮಾ ನಿನ್ನನ್ನು ಕೇಳಿದರು: "ತಮ್ಮಾ, ಹೊರಗ ಕುಂತಾವನ ಹೆಸರೂ ಒಳಗ ಒಯ್ತಾನೇನು?"

"ಮೊದಲ ನಿಮ್ಮದ ಒಯ್ತಾನ್ರಿ ಮಾಮಾ," ಎಂದೆ ನೀನು.

ಅವರು ಆ ಮಾತನ್ನು ನಂಬಿದರು. ಮುಂದೆ ನನ್ನನ್ನು ಮಣ್ಣು ಮಾಡುವ ಜಾಗದಲ್ಲೇ ತಮ್ಮನ್ನೂ ಇಡಬೇಕೆಂದು ಅಂದಿನಿಂದ ಹೇಳುತ್ತಿದ್ದರು.

ನಮ್ಮ ಚರ್ಚಿನ ಸಭಾಪಾಲಕ ಸುದೀಪ ಚಿಕ್ಕ ವಯಸ್ಸಿನವನಾದರೂ ಕೇಳಿದ ತಕ್ಷಣ ಒಪ್ಪಿದ. ಬಾಜೂಮನೆಯ ದಾವೂದಸಾಬ ಚರ್ಚಿನ ಸ್ಮಶಾನದಲ್ಲಿ ಕುಣಿ ತೋಡತೊಡಗಿದ. ಅರ್ಧ ಆಗಿತ್ತು. ಸಭೆಯ ಹಿರಿಯರಿಗೊಂದು ಮಾತು ಹೇಳಿ ಬರುತ್ತೇನೆಂದು ಹೋದ ಸುದೀಪ ತಿರುಗಿ ಬಂದಾಗ ಮುಖ ಎತ್ತಲಿಲ್ಲ.

"ಆಗಂಗಿಲ್ರಿ ಅಕ್ಕಾರ. ದೀಕ್ಷಾಸ್ನಾನ ಆಗದವರಿಗೆ ಇಲ್ಲಿ ಜಾಗಾ ಇಲ್ಲಂತ್ರಿ."

ದಾವೂದಸಾಬ ತೆಗೆದ ಮಣ್ಣನ್ನು ಮತ್ತೆ ಕುಣಿಗೆ ಎಳೆದ. ವಿಷಯ ತಿಳಿದು ಅತ್ತೆ ನನ್ನ ಕೈ ಹಿಡಿದರು. "ನಾನ ಅವನ್ನ ಹೊರಗ ಹಿಡದಿಟ್ನೆವ್ವಾ," ಎಂದರು. ಅಷ್ಟೇ.

ನಮ್ಮ ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿದೆವು. ಸುದೀಪ ದೂರ ನಿಂತಿದ್ದ. ಪ್ರಾರ್ಥನೆ ನಾನೇ ಮಾಡಿದೆ. ನಡುವೆ ಯಾರೂ ಬೇಕಿಲ್ಲ ಎಂದು ಕಲಿಸಿದವನು ನೀನೇ ಅಲ್ಲವೇ. ಅವರ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಎಲ್ಲ ಮುಗಿದ ಮೇಲೆ ಸಂಜೆ ನೀನು ಬಂದೆ. ಬಾಗಿಲಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಕಣ್ಣೀರು ಹಾಕಿದೆ ನೀನು. ಸಭೆಯವರದು ಕಲ್ಲಿನ ಎದೆ ಎಂದೆ. ನಾನೇ ನಿನ್ನ ತಲೆ ಸವರಿ, ಚಹಾ ಮಾಡಿಕೊಟ್ಟು ಸಮಾಧಾನ ಮಾಡಿದೆ.

ದೇವರು ನಿನ್ನ ಮಕ್ಕಳನ್ನು ಚೆನ್ನಾಗಿಟ್ಟಿರಲಿ. ಚಳಿ ಇನ್ನೂ ಹೋಗಿಲ್ಲ, ಪ್ರಸಂಗ ಮಾಡುವ ಗಂಟಲು, ಬೆಚ್ಚಗೆ ಸುತ್ತಿಕೋ.

ನಿನ್ನ ಅಕ್ಕ,
ಮಾರ್ಥಾ

ತಾ.ಕ.: ಮೊನ್ನೆ ಸುದೀಪ ಮನೆಗೆ ಬಂದಿದ್ದ. ಇಲ್ಲಿನ ಹಿರಿಯರು ಯಾರೂ ಬೇಡ ಅಂದಿರಲಿಲ್ಲವಂತೆ. ದೊಡ್ಡ ಪಾಲಕರು, ಮನೆಯವರು ಎಂದು ಅವತ್ತು ನಿನಗೊಂದು ಫೋನ್ ಮಾಡಿ ಕೇಳಿದನಂತೆ. "ಬ್ಯಾಡ, ನಾಳೆ ನಮ್ಮ ಮ್ಯಾಲಿನವರು ನನ್ನ ಕೇಳ್ತಾರ. ನಾ ಹೇಳೀನಂತ ಅಕ್ಕಗ ಹೇಳಬ್ಯಾಡ," ಎಂದೆಯಂತೆ. ಅತ್ತೆ ಎಲ್ಲ ತಮ್ಮಿಂದಲೇ ಆಯಿತೆಂದು ಇನ್ನೂ ಸರಿಯಾಗಿ ಉಣ್ಣುತ್ತಿಲ್ಲ. ನಾನು ಅವರಿಗೆ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ನೀನೇ ಬಂದು, ಅವರ ಮುಂದೆ ಕೂತು ಹೇಳು.