ಅಕ್ಷತೆ ಎರಚಿದ ಕೈ

ನೆಲ್ಯಹುದಿಕೇರಿ
೧೮ ಆಗಸ್ಟ್ ೨೦೨೫

ವಿನುತಾ ಅವರಿಗೆ,

ನಮಸ್ಕಾರ. ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ನೀವು ಗಂಡನ ಮನೆ ಬಿಟ್ಟು ತವರಿಗೆ ಹೋಗಿ ಕೂತಿದ್ದೀರಿ ಎಂದು ಗೊತ್ತಿದ್ದೂ ಹಾಗೆ ಕೇಳಿದರೆ ಅಣಕಿಸಿದಂತಾಗುತ್ತದೆ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಮದುವೆ ಆಲ್ಬಂನಿಂದ ನಿಮ್ಮ ಅಮ್ಮನನ್ನು ತೆಗೆಸಿದ್ದು ನಿಮ್ಮ ಅತ್ತೆಯಲ್ಲ. ಆ ಮನೆಯ ಯಾರೂ ಅಲ್ಲ. ತೆಗೆದವಳು ನಾನು. ನನಗೆ ಯಾರೂ ಹೇಳಿರಲಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ಸ್ಟುಡಿಯೋ ಇಟ್ಟಿರುವ ನಿತೇಶನ ಅಕ್ಕ, ಯಮುನಾ. ನೀವೂ ಮಂಜೇಶ್ ಅವರೂ ಫೋಟೋ ಆರಿಸಲು ಬಂದ ದಿನ ಕಾಫಿ ತಂದುಕೊಟ್ಟವಳು. ಸಕ್ಕರೆ ಜಾಸ್ತಿ ಆಯ್ತು ಎಂದು ನೀವು ಮಂಜೇಶ್ ಅವರ ಲೋಟಕ್ಕೆ ಅರ್ಧ ಸುರಿದಿರಿ. ನೀವು ನನ್ನ ಮುಖ ನೋಡಿರಲಿಕ್ಕಿಲ್ಲ, ನೋಡಬೇಕಾದ ಕಾರಣವೂ ಇರಲಿಲ್ಲ. ಮದುವೆಮನೆಗಳಲ್ಲಿ ಜರಿ ಅಂಗಿ ತೊಟ್ಟು, ಮದುಮಗಳಿಗೆ ಗಲ್ಲ ಎತ್ತು ಎನ್ನುವವನು ನಿತೇಶ. ಆಮೇಲಿನದೆಲ್ಲ ನನ್ನ ಕೆಲಸ. ನಾನು ಮದುವೆಗಳಿಗೆ ಹೋಗುವುದಿಲ್ಲ. ಅಂಗಡಿಯ ಹಿಂದೆ, ಪರದೆಯ ಆಚೆ, ಕಂಪ್ಯೂಟರ್ ಮುಂದೆ ಕೂತು ಊರವರ ಮದುವೆಗಳನ್ನೆಲ್ಲ ನೋಡುತ್ತೇನೆ.

ಅವನು ಕ್ಯಾಮೆರಾದ ಕಾರ್ಡು ತಂದುಕೊಟ್ಟ ಕೂಡಲೇ ಎರಡು ಡಿಸ್ಕಿಗೆ ಕಾಪಿ ಮಾಡುತ್ತೇನೆ. ಆಮೇಲೆ ಕಣ್ಣು ಮುಚ್ಚಿದ್ದು, ಅಲುಗಾಡಿದ್ದು ಎಲ್ಲ ಬೇರೆ ಮಾಡುತ್ತೇನೆ. ಮನೆಯವರು ಆರಿಸಿದ ಮೇಲೆ ಬಣ್ಣ ಸರಿಮಾಡಬೇಕು, ಏಕೆಂದರೆ ಕಲ್ಯಾಣಮಂಟಪದ ನೇರಳೆ ದೀಪದಲ್ಲಿ ಎಂಥ ಮದುಮಗಳೂ ನೇರಳೆ ಹಣ್ಣಿನ ಹಾಗೆ ಕಾಣುತ್ತಾಳೆ. ಕೊನೆಯದು ಸ್ವಚ್ಛ ಮಾಡುವುದು. ಗೋಡೆಯ ವೈರು, ಯಾರೋ ಬಿಟ್ಟ ನೀರಿನ ಬಾಟಲಿ, ಎಂಜಲು ಕೈ ಹಿಡಿದುಕೊಂಡು ಓಡುವ ಮಗು. ಮೌಸಿನಲ್ಲಿ ಮೇಲೆ ಸವರಿದರೆ ಸಾಕು, ವಸ್ತು ಮಾಯವಾಗಿ ಅಲ್ಲೊಂದು ಗೋಡೆ ಬಂದು ಕೂರುತ್ತದೆ. ಪುಟಗಳನ್ನು ಜೋಡಿಸಿ ಮೈಸೂರಿನ ಲ್ಯಾಬಿಗೆ ಕಳಿಸಿದರೆ ಆಲ್ಬಂ ಆಗಿ ಬರುತ್ತದೆ. ಈ ಕೆಲಸದಲ್ಲಿ ನನಗೆ ಹೆಮ್ಮೆಯಿತ್ತು. ಅಳಿಸಿದ ಗುರುತು ಕಾಣಬಾರದು ಎನ್ನುವುದೇ ಆ ಹೆಮ್ಮೆ.

ನಿಮ್ಮ ಫೋಟೋಗಳಲ್ಲಿ ಮಂಟಪದ ಎಡಗಡೆ ಕಂಬದ ಹಿಂದೆ ಒಬ್ಬರು ನಿಂತಿದ್ದರು. ಬೂದುಬಣ್ಣದ ಸೀರೆ. ಅರ್ಧ ಮುಖ ಕಂಬದ ಆಚೆ, ಅರ್ಧ ಈಚೆ. ಒಂದರಲ್ಲಲ್ಲ, ಧಾರೆಯ ಹೊತ್ತಿನ ಎಲ್ಲ ಫೋಟೋಗಳಲ್ಲೂ. ಧಾರೆ ಎರೆದವರು ನಿಮ್ಮ ಸೋದರಮಾವ ದೇವರಾಜು ಮತ್ತು ಅವರ ಹೆಂಡತಿ. ಅವರೇ ತಂದೆತಾಯಿ ಎಂದುಕೊಂಡೆ. ಕಂಬದ ಹಿಂದಿನವರು ಅಡುಗೆಯವರ ಕಡೆಯ ಹೆಂಗಸಿರಬೇಕು, ಕೆಲಸ ಬಿಟ್ಟು ಮದುವೆ ನೋಡಲು ಬಂದು ನಿಂತಿದ್ದಾರೆ ಎಂದುಕೊಂಡೆ. ಫೋಟೋ ಅಂದಗೆಡುತ್ತದೆ ಎಂದು ಒಂದೊಂದರಿಂದಲೂ ತೆಗೆದೆ. ಆ ಕಂಬವನ್ನು ಎಷ್ಟು ನಾಜೂಕಾಗಿ ಪೂರ್ತಿ ಮಾಡಿದೆನೆಂದರೆ ನಿತೇಶನೂ ಗುರುತು ಹಿಡಿಯಲಿಲ್ಲ.

ಒಂದು ಫೋಟೋ ಮಾತ್ರ ಆಗಲೇ ಕಾಡಿತ್ತು. ಅದರಲ್ಲಿ ನಿಮ್ಮ ಕಣ್ಣು ಮುಚ್ಚಿದೆ, ಮಂಜೇಶ್ ಅವರ ಪೇಟ ಓರೆಯಾಗಿದೆ. ಅದರ ಪಕ್ಕದ್ದೇ ಚಿನ್ನದಂಥ ಫೋಟೋ. ಅದನ್ನು ಬಿಟ್ಟು ನೀವು ಇದನ್ನೇ ಆರಿಸಿದ್ದಿರಿ. ಈ ಹುಡುಗಿಗೆ ಆಯ್ಕೆಯೇ ಗೊತ್ತಿಲ್ಲ ಎಂದು ನಕ್ಕಿದ್ದೆ. ಆ ಒಂದರಲ್ಲಿ ನಿಮ್ಮ ಅಮ್ಮ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದರು, ಅವರ ಇಡೀ ಮುಖ ಕಾಣುತ್ತಿತ್ತು, ಕಾರಣ ಅದೇ ಎನ್ನುವುದು ನನಗೆ ಈಗ ಅರ್ಥವಾಗುತ್ತಿದೆ.

ಆಲ್ಬಂ ಕೈಸೇರಿದ ವಾರದಲ್ಲೇ ಮಂಜೇಶ್ ಬಂದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಲ್ಲವೇ, ಆಳುಗಳನ್ನು ಗದರಿಸಿ ಅಭ್ಯಾಸವಿರಬೇಕು, ಗಲಾಟೆ ಮಾಡುತ್ತಾರೆ ಎಂದು ನಾನು ಪರದೆಯ ಹಿಂದೆ ಉಸಿರು ಹಿಡಿದು ಕೂತಿದ್ದೆ. ಅವರು ದನಿ ಏರಿಸಲೇ ಇಲ್ಲ. "ಜಗಳಕ್ಕೆ ಬಂದಿಲ್ಲ ನಿತೇಶ. ನಮ್ಮತ್ತೇನ ತೆಗೀರಿ ಅಂತ ನಿಮಗೆ ಯಾರು ಹೇಳಿದ್ರು, ಅದೊಂದ್ ಹೇಳ್ಬಿಡಿ ಸಾಕು" ಎಂದರು. ನಿತೇಶನಿಗೆ ತಲೆಬುಡ ತಿಳಿಯಲಿಲ್ಲ. ಅಲ್ಲಿಂದಲೇ "ಅಕ್ಕಾ, ಯಾರಾದ್ರೂ ಹೇಳಿದ್ರಾ?" ಎಂದು ಕೂಗಿದ.

ಇಲ್ಲ ಎಂಬ ಒಂದು ಪದ ಸಾಕಿತ್ತು. ಆದರೆ ಎದುರಿಗೆ ಕಂಡದ್ದು ತಮ್ಮನ ಅಂಗಡಿ, ಮುಂದಿನ ಮದುವೆ ಸೀಸನ್, ಅವನ ಮನೆಯಲ್ಲಿ ನಾನು ತಿನ್ನುವ ಅನ್ನ. "ಹ್ಞೂಂ, ಗಂಡಿನ ಮನೆ ಕಡೆಯಿಂದ ಫೋನ್ ಬಂದಿತ್ತು. ಯಾರೋ ಹೆಂಗಸರು" ಎಂದುಬಿಟ್ಟೆ. ಹೆಂಗಸರು ಎನ್ನುವುದನ್ನು ಏಕೆ ಸೇರಿಸಿದೆನೋ ನನಗೇ ಗೊತ್ತಿಲ್ಲ. ಸುಳ್ಳು ಹೇಳುವವರಿಗೆ ಒಂದು ಚಮಚ ಜಾಸ್ತಿ ಹಾಕುವ ಚಟ. ಹೊರಗೆ ಮಂಜೇಶ್ ಅವರ ಬೈಕ್ ಹೋದ ಸದ್ದು ಕೇಳಿಸಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರೆ. ಬರೆ ಎಳೆದವಳೂ ನಾನೇ. ನಿಮ್ಮ ಅತ್ತೆ ಬಸವಣ್ಣನ ಆಣೆ ಇಟ್ಟರೂ ನೀವು ನಂಬಲಿಲ್ಲವಂತೆ. ಮಂಜೇಶ್ ತಾಯಿಯ ಹತ್ತಿರ ಮಾತು ಬಿಟ್ಟಿದ್ದಾರಂತೆ. ಇದೆಲ್ಲ ಮೊನ್ನೆ ಅವರು ಮತ್ತೆ ಬಂದಾಗ ಕೇಳಿಸಿಕೊಂಡದ್ದು. ಈ ಸಲ ಅವರು ಕೇಳಿದ್ದು ಯಾರು ಹೇಳಿದರು ಎಂದಲ್ಲ. "ಒರಿಜಿನಲ್ ಇದ್ರೆ ಕೊಡಿ. ಅವಳ್ನ ಕರ್ಕೊಂಡ್ ಬರೋಕೆ ಇನ್ನೇನ್ ತಗೊಂಡ್ ಹೋಗ್ಲಿ" ಎಂದರು. ಆಲ್ಬಂ ನೋಡಿ ನಿಮ್ಮ ಅಮ್ಮ ಹೇಳಿದ ಮಾತನ್ನೂ ಅವರೇ ಹೇಳಿದರು. ಕಾಂತಮ್ಮನವರು ಪುಟ ಪುಟವನ್ನೂ ಸೆರಗಿನಲ್ಲಿ ಒರೆಸಿ ನೋಡಿ, "ಒಳ್ಳೇದೇ ಆಯ್ತು ಬಿಡವ್ವ. ಶುಭದ ಫೋಟೋದಾಗೆ ನಾನ್ಯಾಕೆ" ಎಂದರಂತೆ. ಅವರು ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒರಿಜಿನಲ್ ಇಲ್ಲ ವಿನುತಾ. ಆಲ್ಬಂ ಒಪ್ಪಿಸಿದ ಮೇಲೆ ದೊಡ್ಡ ಫೈಲುಗಳನ್ನೆಲ್ಲ ಅಳಿಸಿ ಮುಂದಿನ ಮದುವೆಗೆ ಎರಡೂ ಡಿಸ್ಕು ಖಾಲಿ ಮಾಡುವುದು ನಮ್ಮ ಪದ್ಧತಿ. ವಿಡಿಯೋ ಬೇಡ, ಫೋಟೋ ಸಾಕು ಎಂದವರು ನೀವು. ಹಾಗಾಗಿ ಅದೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಹುಡುಕಿದೆ. ನಾವು ಬಳಸುವ ಸಾಫ್ಟ್‌ವೇರ್ ಬೇಗ ತೋರಿಸುವ ಸಲುವಾಗಿ ಪ್ರತಿ ಫೋಟೋದ ಒಂದು ಸಣ್ಣ ಪ್ರತಿಯನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ದೊಡ್ಡದನ್ನು ಅಳಿಸಿದರೂ ಅದು ಉಳಿದಿರುತ್ತದೆ. ನಿಮ್ಮ ಅಮ್ಮ ಅಲ್ಲಿದ್ದರು. ಸಿಕ್ಕಿದಷ್ಟನ್ನೂ ಪ್ರಿಂಟ್ ಹಾಕಿ ಇದರ ಜೊತೆ ಕಳಿಸಿದ್ದೇನೆ. ಪೋಸ್ಟ್‌ಕಾರ್ಡಿಗಿಂತ ದೊಡ್ಡದು ಮಾಡಿದರೆ ಮುಖ ಚೌಕಚೌಕವಾಗಿ ಒಡೆಯುತ್ತದೆ. ಈಗಿನ ಕಂಪ್ಯೂಟರಿಗೆ ಹೇಳಿದರೆ ಗೋಡೆಯಷ್ಟು ದೊಡ್ಡದು ಮಾಡಿ ಕೊಡುತ್ತದೆ. ಆದರೆ ಆ ಮುಖ ಅದು ಊಹಿಸಿ ಬರೆದದ್ದು, ಕಾಂತಮ್ಮನವರದಲ್ಲ. ಮಾಡಿ ನೋಡಿದೆ, ಹಲ್ಲಿನ ಸಾಲೇ ಬೇರೆ ಬಂತು. ಅಳಿಸಿದ್ದೂ ಅಲ್ಲದೆ ಬೇರೆಯವರನ್ನು ತಂದು ನಿಲ್ಲಿಸುವುದು ಬೇಡ ಎಂದು ಬಿಟ್ಟೆ.

ಇನ್ನೊಂದು ಮಾತು. ನಿಮ್ಮ ಆಲ್ಬಂನಲ್ಲಿ ನಿಮ್ಮ ಕಣ್ಣು ಮುಚ್ಚಿರುವ ಆ ಪುಟ ತೆಗೆಯಿರಿ. ಎಡಗಡೆ ಬರೀ ಕಂಬವಿದೆ. ಕಂಬಕ್ಕೂ ನಿಮಗೂ ನಡುವೆ ಗಾಳಿಯಲ್ಲಿ ನಾಲ್ಕಾರು ಅಕ್ಷತೆ ಕಾಳುಗಳಿವೆ. ಎರಚಿದವರು ಯಾರೂ ಇಲ್ಲ. ಅಳಿಸುವ ಭರದಲ್ಲಿ ನಾನು ಅವನ್ನು ಗಮನಿಸಿರಲಿಲ್ಲ. ಈಗ ಕಳಿಸಿರುವ ಸಣ್ಣ ಪ್ರಿಂಟನ್ನು ಅದರ ಪಕ್ಕ ಇಟ್ಟು ನೋಡಿ. ಯಾರ ಕೈ ಎಂದು ಗೊತ್ತಾಗುತ್ತದೆ. ಮುಂದೆ ನಿಲ್ಲಬಾರದು ಎಂದವರ ಮಾತಿಗೆ ನಿಮ್ಮ ಅಮ್ಮ ಹಿಂದೆ ನಿಂತರು. ಆದರೆ ಮಗಳ ಮೇಲೆ ಅಕ್ಷತೆ ಹಾಕದೆ ಇರಲಿಲ್ಲ. ನಿಮಗೆ ಅದು ಗೊತ್ತಿತ್ತು. ಅದಕ್ಕೇ ಆರಿಸಿದಿರಿ.

ನಿಮ್ಮ ಅತ್ತೆಯ ಮನೆಗೆ ನಾನೇ ಹೋಗಿ ಇದನ್ನೆಲ್ಲ ಹೇಳುತ್ತೇನೆ. ಈ ಕಾಗದ ಅಂಚೆಗೆ ಹಾಕಿ ನೇರ ಅಲ್ಲಿಗೇ ಹೊರಡುವವಳು. ನಿತೇಶನಿಗೆ ಬೆಳಿಗ್ಗೆಯೇ ಹೇಳಿದೆ. ಅವನು ತಿಂಡಿ ಬಿಟ್ಟು ಎದ್ದುಹೋದ. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಕ್ಷಮಿಸಿ ಎಂದು ಕೇಳಲಾರೆ, ಅದು ಪುಕ್ಕಟೆ ಸಿಗಬೇಕಾದದ್ದಲ್ಲ. ನೀವು ನಿಮ್ಮ ಅತ್ತೆಯ ಮೇಲಿನ ಸಿಟ್ಟನ್ನು ನನ್ನ ಮೇಲೆ ತಿರುಗಿಸಿದರೆ ಸಾಕು. ಮಂಜೇಶ್ ಒಳ್ಳೆಯವರು. ಅವರನ್ನು ಇನ್ನೊಂದು ಸಲ ಬರಿಗೈಯಲ್ಲಿ ವಾಪಸು ಕಳಿಸಬೇಡಿ.

ನಿಮ್ಮ ಮನೆಯ ನೆಮ್ಮದಿ ಕೆಡಿಸಿದ
ಯಮುನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಅಡುಗೆಯವರ ಕಡೆಯ ಹೆಂಗಸು ಎಂದುಕೊಂಡೆ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಅವರ ಹಣೆಯ ಮೇಲೆ ವಿಭೂತಿ ಬಿಟ್ಟರೆ ಇನ್ನೇನಿರಲಿಲ್ಲ, ಕೈಯಲ್ಲಿ ಬಳೆಯಿರಲಿಲ್ಲ. ಮೂಗು ನಿಮ್ಮದೇ. ಯಾರೆಂದು ನೋಡಿದ ಕೂಡಲೇ ಗೊತ್ತಾಗಿತ್ತು. ಅಲ್ಲಿ ನಿಲ್ಲಬಾರದಿತ್ತು ಎಂದು ನನಗೇ ಅನ್ನಿಸಿತು. ನನ್ನ ಗಂಡ ಜೀಪು ಮಗುಚಿ ತೀರಿಕೊಂಡ ಮರುವರ್ಷ ನಿತೇಶನ ಮದುವೆಯಾಯಿತು. ಅಲ್ಲಿ ನಾನೂ ಹೀಗೇ ಒಂದು ಕಂಬದ ಹಿಂದೆ ನಿಂತಿದ್ದೆ. ಆ ಆಲ್ಬಂ ಮಾಡಿದವಳೂ ನಾನೇ. ಒಂದೊಂದು ಫೋಟೋದಿಂದಲೂ ನನ್ನನ್ನು ನಾನೇ ಅಳಿಸಿದೆ, ಆಗಲೂ ಯಾರೂ ಹೇಳಿರಲಿಲ್ಲ. ಆ ಆಲ್ಬಂ ನಮ್ಮ ಮನೆಯಲ್ಲಿ ಬಂದವರಿಗೆಲ್ಲ ತೋರಿಸಿ ಮೂಲೆ ಸವೆದಿದೆ. ಅಕ್ಕ ಎಲ್ಲಿ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಹೀಗೆ ಅಳಿಸಿಹೋದವರನ್ನು ಹುಡುಕುವವರೂ ಇರುತ್ತಾರೆ ಎಂದು ನನಗೆ ತಿಳಿದದ್ದು ನಿಮ್ಮಿಂದ.