ಒಂದೇ ಚೀಲದ ಗೂಟಗಳು

ಚನ್ನಪಟ್ಟಣ, 2006

ನನ್ನ ದಿಲ್ಶಾದ್,

ನೀನು ಬಾಗಿಲು ತೆಗೆಯುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದದೆ ಒಲೆಗೆ ಹಾಕಿದರೆ ಈ ಜನ್ಮದಲ್ಲಿ ನಿನ್ನ ಜೊತೆ ಮಾತಾಡುವುದಿಲ್ಲ.

ನಿನ್ನ ಕಂದ ಇದ್ರೀಸನ ಗಂಟಲಲ್ಲಿ ಸಿಕ್ಕಿಕೊಂಡದ್ದು ನಮ್ಮ ಕಂಪನಿ ಹಬ್ಬಕ್ಕೆ ಕೊಟ್ಟ ಆಟದ ಗಾಡಿಯ ಚಕ್ರ ಹಿಡಿದಿಡುವ ಮರದ ಗೂಟ. ಮಣ್ಣು ಮಾಡಿದ ದಿನ ನೀನು ಒಂದೇ ಮಾತು ಹೇಳುತ್ತಿದ್ದೆ: "ನನ್ ಕಣ್ ತಪ್ತು ಕಣೆ ಸೌಮ್ಯ, ನಾನೇ ಕೊಂದ್ಬುಟ್ಟೆ." ಮ್ಯಾನೇಜರ್ ಮನೋಹರ್ ಅದನ್ನೇ ವರದಿಯಲ್ಲಿ ಬರೆದುಕೊಂಡ. ಗುಣಮಟ್ಟ ನೋಡುವ ಕೆಲಸದಲ್ಲಿದ್ದ ನನಗೆ ಮೈಯೆಲ್ಲ ಉರಿಯಿತು.

ನಿನ್ನ ಅಪ್ಪ ಮನೆಯಲ್ಲೇ ಲೇತು ತಿರುಗಿಸುತ್ತಿದ್ದಾಗ ತೂತು ಕೊರೆದವರೇ ಗೂಟ ಕಡೆಯುತ್ತಿದ್ದರು, ಬಿಗಿಯಾಗುವ ತನಕ ಹಾಕಿ ತೆಗೆದು ನೋಡುತ್ತಿದ್ದರು. ದಪ್ಪ ಒಸಿ ಹೆಚ್ಚುಕಮ್ಮಿಯಾದರೂ ಆ ಗೂಟ ಆ ತೂತಿನದೇ. ಕಂಪನಿ ಬಂದಮೇಲೆ ಗೂಟ ಒಂದು ಬೀದಿಯಲ್ಲಿ, ಚಕ್ರ ಇನ್ನೊಂದು ಬೀದಿಯಲ್ಲಿ. ಎಲ್ಲ ಮನೆಯ ಗೂಟವೂ ಒಂದೇ ಚೀಲಕ್ಕೆ. ಸಣ್ಣದು ಸಿಕ್ಕ ಗಾಡಿಯಲ್ಲಿ ಅದು ಕಿತ್ತು ಬರುತ್ತದೆ. ಸರಾಸರಿ ದಪ್ಪವೇನೋ ಸರಿಯಾಗಿಯೇ ಇದೆ. ಸರಾಸರಿ ಗೂಟವನ್ನು ಯಾವ ಮಗುವೂ ಬಾಯಿಗಿಡುವುದಿಲ್ಲ, ದಿಲ್ಶಾದ್.

ಅದಕ್ಕೇ ಎರಡು ಊಹೆ ಬರೆದೆ. ಶೂನ್ಯ ಊಹೆ, ಅಂದರೆ ಬೀಳಿಸುವ ಸಾಕ್ಷಿ ಸಿಗುವ ತನಕ ನಿಜವೆಂದು ಇಟ್ಟುಕೊಳ್ಳುವುದು: ಗೂಟಗಳ ದಪ್ಪದ ಏರಿಳಿತ, ಅಂದರೆ ವೇರಿಯನ್ಸ್, ಕಂಪನಿ ಹೇಳಿಕೊಂಡ ಮಿತಿಯಲ್ಲೇ ಇದೆ. ಪರ್ಯಾಯ ಊಹೆ: ಮಿತಿ ಮೀರಿದೆ. ಮನೋಹರ್ ಚೀಲದ ಮೇಲಿಂದ ನಾಲ್ಕೇ ಗೂಟ ಎತ್ತಿ ಅಳೆದ. "ನೋಡಮ್ಮ, ಶೂನ್ಯ ಊಹೆ ಬೀಳ್ಲಿಲ್ಲ. ಗೂಟ ಸರಿಯಾಗೈತೆ ಅಂತ ಸಾಬೀತಾಯ್ತು" ಅಂದ. ಬೀಳಲಿಲ್ಲ ಎಂದರೆ ಸಾಬೀತಾಯಿತು ಎಂದಲ್ಲ, ಬೀಳಿಸುವಷ್ಟು ಸಾಕ್ಷಿ ಸಿಗಲಿಲ್ಲ ಎಂದಷ್ಟೇ. ನಾನು ಚೀಲವನ್ನೇ ನೆಲಕ್ಕೆ ಸುರಿದೆ, ಚೆನ್ನಾಗಿ ಕಲಸಿ ರಾಶಿಯ ಎಲ್ಲ ಕಡೆಯಿಂದ ಆರಿಸಿ ಅಳೆದೆ. ಅವನ ಊಹೆ ನಿಲ್ಲಲಿಲ್ಲ.

ಅವನು ಗಾಡಿ ಮಾಡುವುದನ್ನು ನಿಲ್ಲಿಸಲಿಲ್ಲ, ಮಿತಿಯನ್ನೇ ದೊಡ್ಡದು ಮಾಡಿದ. ಅದೇ ಗೂಟಗಳು ಪಾಸಾದವು. ಇವತ್ತು ಬೆಳಿಗ್ಗೆ ಲಾರಿ ತುಂಬಿಕೊಂಡು ಹೋಯಿತು. ಪಾಸಾದ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ, ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದಿದ್ದಾರೆ.

ಅವರ ವರದಿಯಲ್ಲಿ ಇನ್ನೊಂದು ಶೂನ್ಯ ಊಹೆ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ತಪ್ಪು ತಾಯಿಯದು. ಅದನ್ನು ಬೀಳಿಸುವ ಹೊಣೆಯನ್ನು ಮಗು ಕಳೆದುಕೊಂಡವಳ ತಲೆಗೇ ಕಟ್ಟಿದ್ದಾರೆ. ಆ ಲಾರಿಯ ಗಾಡಿಗಳು ಎಷ್ಟೋ ಮನೆಗಳಿಗೆ ಹೋಗುತ್ತವೆ. ಅಲ್ಲಿಯ ತಾಯಂದಿರಿಗೂ ಕಣ್ಣು ತಪ್ಪಿತು ಅನ್ನುತ್ತಾರೆ. ನೀನಾದರೂ ಅದನ್ನು ನಂಬಬೇಡ, ನನ್ನವ್ವ.

ಅಲ್ಲಾಹು ನಿನಗೆ ಒಂದು ಹೊತ್ತಿನ ನಿದ್ದೆಯನ್ನಾದರೂ ಕೊಡಲಿ.

ಬಾಗಿಲ ಹೊರಗೇ ಕೂತಿರುವ,
ಸೌಮ್ಯ